ಅಲಂಕಾರಿಕ ಪಾಮ್ ಸಸಿಗಳ ಪೋಷಣೆಯಲ್ಲಿ ಹ್ಯೂಮಿಕ್ ಆಮ್ಲ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಮಾತು ಪಾಮ್ ಗಿಡಗಳಿಗೆ ಒಪ್ಪುವಷ್ಟು ಬೇರೆ ಗಿಡಗಳಿಗೆ ಒಪ್ಪುವುದು ಅಪರೂಪ. ದಾಸವಾಳ, ಕಣಗಿಲೆ ಮುಂತಾದ ಗಿಡಗಳು ಎಳೆಯ ವಯಸ್ಸಿನಲ್ಲಿ ಸೊರಗಿದರೂ ತುದಿ ಚಿವುಟಿ, ಹೊಸ ಚಿಗುರು ಬರಿಸಿ ಸರಿಪಡಿಸಿಕೊಳ್ಳಬಹುದು. ಪಾಮ್ ಗಿಡದಲ್ಲಿ ಇದು ಸಾಧ್ಯವಿಲ್ಲ. ಅದರ ಒಂದೊಂದು ಕಾಂಡಕ್ಕೂ ಇರುವುದು ಒಂದೇ ಸುಳಿ. ಪೋಷಕಾಂಶದ ಕೊರತೆಯಿಂದ ಗರಿಯ ತುದಿ ಒಣಗಿದರೆ ಆ ಗರಿ ಮತ್ತೆ ಹಸಿರಾಗುವುದಿಲ್ಲ. ಹೊಸ ಗರಿಗಳು ಬಂದು ಹಳೆಯವು ಉದುರುವ ತನಕ ಕಾಯಬೇಕು. ಸಸಿ ಮಾರಾಟ ಮಾಡುವವರ ಪಾಲಿಗೆ ಇದು ಒಂದು ಹಂಗಾಮಿನ ನಷ್ಟವೇ ಸರಿ.

ಇಂತಹ ಸಂದರ್ಭದಲ್ಲಿ ಅನೇಕ ನರ್ಸರಿಗಾರರು ಕೈಚಾಚುವುದು ‘ಹ್ಯೂಮಿಕ್’ ಎಂದು ಬರೆದ ಕಪ್ಪು ದ್ರಾವಣದ ಬಾಟಲಿಗೆ. ಕೆಲವರಿಗೆ ಇದರಿಂದ ಒಳ್ಳೆಯ ಫಲ ದೊರೆತಿದೆ, ಕೆಲವರು ಹಣ ಕಳೆದುಕೊಂಡಿದ್ದಾರೆ. ಎರಡಕ್ಕೂ ಕಾರಣಗಳಿವೆ. ಈ ಆಮ್ಲವೆಂದರೇನು, ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ತಿಳಿದುಕೊಂಡರೆ ನಿಮ್ಮ ಹಣ ಮತ್ತು ಸಸಿ ಎರಡೂ ಉಳಿಯುತ್ತವೆ.

ಹ್ಯೂಮಿಕ್ ಆಮ್ಲ ಎಂದರೇನು?

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ ಅಥವಾ ಕಾಡಿನ ಮೇಲ್ಮಣ್ಣು ಕಪ್ಪಾಗಿರುವುದನ್ನು ನೀವು ನೋಡಿದ್ದೀರಿ. ಈ ಕಪ್ಪು ಸಾವಯವ ವಸ್ತುವನ್ನು ಕ್ಷಾರದಲ್ಲಿ ನೆನೆಸಿದರೆ ಅದರ ಒಂದು ಭಾಗ ಕರಗಿ ಕಡು ಕಂದು ಬಣ್ಣದ ದ್ರಾವಣವಾಗುತ್ತದೆ. ಈ ದ್ರಾವಣವನ್ನು ಸೋಸಿ ಅದಕ್ಕೆ ಬಲವಾದ ಆಮ್ಲ ಸೇರಿಸಿದಾಗ ಚೂರುಚೂರಾಗಿ ತಳಕ್ಕಿಳಿಯುವ ಭಾಗವೇ ಹ್ಯೂಮಿಕ್ ಆಮ್ಲ. ಆಮ್ಲದಲ್ಲಿಯೂ ಕರಗಿಯೇ ಉಳಿಯುವ ಹಳದಿ ಬಣ್ಣದ ಭಾಗಕ್ಕೆ ಫಲ್ವಿಕ್ ಆಮ್ಲವೆಂದೂ, ಕ್ಷಾರದಲ್ಲಿ ಕರಗದೆ ಉಳಿದ ಭಾಗಕ್ಕೆ ಹ್ಯೂಮಿನ್ ಎಂದೂ ಹೆಸರು. ಬೀಟ್‌ರೂಟಿನ ಜಾತಿಯ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಉದ್ಯಮಕ್ಕೆ ಬುನಾದಿ ಹಾಕಿದ ಜರ್ಮನಿಯ ರಸಾಯನ ವಿಜ್ಞಾನಿ ಆಖಾರ್ಡ್, 1786ರಲ್ಲಿಯೇ ಜವುಗು ನೆಲದ ಪೀಟ್ ಮಣ್ಣಿನಿಂದ ಈ ವಸ್ತುವನ್ನು ಕ್ಷಾರದ ಸಹಾಯದಿಂದ ಬೇರ್ಪಡಿಸಿದ್ದನು.

ಮಣ್ಣಿನಲ್ಲಿ ಈ ವಸ್ತು ಇದೇ ರೂಪದಲ್ಲಿ ಇರುತ್ತದೆಯೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಮಣ್ಣಿನ ಸಾವಯವ ವಸ್ತುವೆಂದರೆ ಕೊಳೆಯುವಿಕೆಯ ಬೇರೆ ಬೇರೆ ಹಂತಗಳಲ್ಲಿರುವ ಚಿಕ್ಕ ದೊಡ್ಡ ಅಣುಗಳ ಸಮೂಹವೆಂದೂ, ಹ್ಯೂಮಿಕ್ ಆಮ್ಲವು ಕ್ಷಾರದಿಂದ ಬೇರ್ಪಡಿಸುವಾಗ ನಮ್ಮ ಕೈಗೆ ಸಿಗುವ ಭಾಗವೆಂದೂ 2015ರಲ್ಲಿ ಲೇಮನ್ ಮತ್ತು ಕ್ಲೇಬರ್ ಎಂಬ ವಿಜ್ಞಾನಿಗಳು ವಾದಿಸಿದರು. ರೈತರ ದೃಷ್ಟಿಯಿಂದ ಇದರ ತಾತ್ಪರ್ಯ ಇಷ್ಟೇ: ಬಾಟಲಿಯಲ್ಲಿರುವುದು ಮಣ್ಣಿನ ಜೀವಸಾರವಲ್ಲ, ಸಸ್ಯದ ಮೇಲೆ ಕೆಲವು ನಿಶ್ಚಿತ ಪರಿಣಾಮ ಬೀರುವ ಒಂದು ತಯಾರಿಕೆ.

ಪೇಟೆಯಲ್ಲಿ ದೊರೆಯುವ ಹ್ಯೂಮಿಕ್ ಪದಾರ್ಥಗಳಲ್ಲಿ ಹೆಚ್ಚಿನವು ಲಿಯೊನಾರ್ಡೈಟ್ ಅಥವಾ ಲಿಗ್ನೈಟ್ ಎಂಬ ಎಳೆಯ ಕಲ್ಲಿದ್ದಲಿನಿಂದ ತಯಾರಾದವು. ನೆರೆಯ ತಮಿಳುನಾಡಿನ ನೈವೇಲಿಯ ಲಿಗ್ನೈಟಿನಿಂದ ತೆಗೆದ ಹ್ಯೂಮಿಕ್ ಆಮ್ಲದ ಮೇಲೆ ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರಯೋಗಗಳು ನಡೆದಿವೆ. ಹ್ಯೂಮಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಪೊಟ್ಯಾಷ್ ಕ್ಷಾರದೊಡನೆ ಸೇರಿಸಿ ಪೊಟ್ಯಾಸಿಯಂ ಹ್ಯೂಮೇಟ್ ರೂಪದಲ್ಲಿ ಮಾರುತ್ತಾರೆ.

ಪಾಮ್ ಸಸಿಯ ಸ್ವಭಾವ

ಅಲಂಕಾರಕ್ಕಾಗಿ ಬೆಳೆಸುವ ಅರೆಕಾ ಪಾಮ್, ಬಾಟಲ್ ಪಾಮ್, ರಾಯಲ್ ಪಾಮ್ ಇವೆಲ್ಲವೂ ನಮ್ಮ ತೆಂಗು, ಅಡಿಕೆ, ಈಚಲುಗಳ ಬಂಧುಗಳೇ. ನಮ್ಮ ಮಲೆನಾಡಿನ ಬೈನೆ ಮರವೂ ಮೀನಿನ ಬಾಲದಂಥ ಎಲೆಯುಳ್ಳ ಒಂದು ಪಾಮ್. ಅರೆಕಾ ಪಾಮ್ ಎಂಬ ಹೆಸರು ಕೇಳಿ ಅದನ್ನು ಅಡಿಕೆಯೆಂದು ಭಾವಿಸಬಾರದು. ಅದು ಮಡಗಾಸ್ಕರ್ ದ್ವೀಪದ ಗಿಡ.

ಈ ವರ್ಗದ ಸಸಿಗಳ ಮೂರು ಗುಣಗಳನ್ನು ನೆನಪಿಡಿ. ಮೊದಲನೆಯದಾಗಿ, ಮೊಳೆತ ಸಸಿ ಕೆಲವು ಕಾಲ ಬೀಜದೊಳಗಿನ ಆಹಾರವನ್ನೇ ಉಂಡು ಬೆಳೆಯುತ್ತದೆ. ಮೊಳೆತ ತೆಂಗಿನಕಾಯಿಯನ್ನು ಒಡೆದಾಗ ಒಳಗೆ ಕಾಣುವ, ಮಕ್ಕಳು ಇಷ್ಟಪಟ್ಟು ತಿನ್ನುವ ಬಿಳಿಯ ಮೆತ್ತನೆಯ ಉಂಡೆ ಕೊಬ್ಬರಿಯ ಸಾರವನ್ನು ಹೀರಿ ಸಸಿಗೆ ಕೊಡುವ ಅಂಗ. ಎಲ್ಲ ಪಾಮ್ ಬೀಜಗಳಲ್ಲಿಯೂ ಇಂಥದೊಂದು ಅಂಗವಿದೆ. ಆದ್ದರಿಂದ ನಾಟಿ ಮಾಡುವಾಗ ಸಸಿಗೆ ಅಂಟಿದ ಬೀಜವನ್ನು ಕಿತ್ತುಹಾಕಬಾರದು. ಎರಡನೆಯದಾಗಿ, ಈ ಸಂಗ್ರಹ ಮುಗಿಯುತ್ತ ಬಂದಂತೆ ಸಸಿ ತನ್ನ ಬೇರನ್ನೇ ನಂಬಬೇಕು. ಆದರೆ ಪಾಮ್ ಬೇರುಗಳಲ್ಲಿ ಪೋಷಕಾಂಶ ಹೀರುವ ಸೂಕ್ಷ್ಮ ಬೇರುರೋಮಗಳು ಸಾಮಾನ್ಯವಾಗಿ ಇರುವುದಿಲ್ಲ. ಎಳೆಯ ಉಪಬೇರುಗಳ ತುದಿಗಳೇ ಆ ಕೆಲಸ ಮಾಡಬೇಕು. ಮೂರನೆಯದಾಗಿ, ಬೆಳವಣಿಗೆ ನಿಧಾನ. ಚಿಕ್ಕ ಚೀಲದಲ್ಲಿ ತಿಂಗಳುಗಟ್ಟಲೆ ಇರುವ ಸಸಿಗೆ, ದಿನವೂ ಹಾಕುವ ನೀರಿನೊಡನೆ ಪೋಷಕಾಂಶಗಳು ತಳದ ತೂತಿನಿಂದ ಸೋರಿಹೋಗುತ್ತಿರುತ್ತವೆ.

ಉಪಬೇರುಗಳು ಎಷ್ಟು ಬೇಗ, ಎಷ್ಟು ಹೆಚ್ಚಾಗಿ ಒಡೆಯುತ್ತವೆ ಎಂಬುದರ ಮೇಲೆ ಸಸಿಯ ಭವಿಷ್ಯ ನಿಂತಿದೆ. ಹ್ಯೂಮಿಕ್ ಆಮ್ಲಕ್ಕೆ ಇಲ್ಲಿಯೇ ಸ್ಥಾನ.

ಅದು ಮಾಡುವ ಕೆಲಸ

ಹ್ಯೂಮಿಕ್ ಆಮ್ಲ ಬೇರಿನ ಜೀವಕೋಶಗಳ ಹೊರಪೊರೆಯಲ್ಲಿರುವ, ಆಮ್ಲಕಣಗಳನ್ನು ಹೊರದೂಡುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಇದರಿಂದ ಕೋಶಗಳು ಹಿಗ್ಗಲು, ಪೋಷಕಾಂಶಗಳನ್ನು ಒಳಗೆಳೆದುಕೊಳ್ಳಲು ಅನುಕೂಲವಾಗಿ ಉಪಬೇರುಗಳು ಹೆಚ್ಚುತ್ತವೆ. ಎರೆಗೊಬ್ಬರದಿಂದ ತೆಗೆದ ಹ್ಯೂಮಿಕ್ ಆಮ್ಲದಲ್ಲಿ ಈ ಗುಣವನ್ನು ಬ್ರೆಜಿಲ್ ದೇಶದ ವಿಜ್ಞಾನಿಗಳು 2002ರಲ್ಲಿ ಮುಸುಕಿನ ಜೋಳದ ಸಸಿಗಳಲ್ಲಿ ತೋರಿಸಿದರು. ಎರಡನೆಯ ಕೆಲಸ, ಕಬ್ಬಿಣ, ಸತು ಮೊದಲಾದ ಲಘು ಪೋಷಕಾಂಶಗಳನ್ನು ಇಕ್ಕುಳದಲ್ಲಿ ಹಿಡಿದಂತೆ ಹಿಡಿದು, ಅವು ಮಣ್ಣಿನಲ್ಲಿ ಗಟ್ಟಿಯಾಗಿ ನಿರುಪಯೋಗವಾಗದಂತೆ ಕಾಪಾಡುವುದು.

ನಾನಾ ಬೆಳೆಗಳ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಹ್ಯೂಮಿಕ್ ಪದಾರ್ಥಗಳಿಂದ ಕಾಂಡ-ಎಲೆಗಳ ಒಣತೂಕ ಸರಾಸರಿ ಶೇ. 22ರಷ್ಟೂ, ಬೇರಿನ ಒಣತೂಕ ಶೇ. 21ರಷ್ಟೂ ಹೆಚ್ಚಿದೆ. ಆದರೆ ಇದು ಸರಾಸರಿ. ಪದಾರ್ಥದ ಮೂಲ, ಪ್ರಮಾಣ ಮತ್ತು ಗಿಡ ಬೆಳೆಯುವ ಪರಿಸ್ಥಿತಿಗೆ ತಕ್ಕಂತೆ ಫಲ ಬದಲಾಗುತ್ತದೆ. ಎಲ್ಲ ಜಾತಿಯ ಪಾಮ್‌ಗಳೂ ಇಷ್ಟೇ ಸ್ಪಂದಿಸುತ್ತವೆಂದು ಹೇಳಲಾಗದು.

ಅದು ಗೊಬ್ಬರವಲ್ಲ

ಒಂದು ಸಣ್ಣ ಲೆಕ್ಕ ಮಾಡೋಣ. ಲೀಟರು ನೀರಿಗೆ 240 ಮಿಲಿಗ್ರಾಂ ಹ್ಯೂಮಿಕ್ ಆಮ್ಲ ಬೆರೆಸಿ, ಚೀಲವೊಂದಕ್ಕೆ 200 ಮಿ.ಲೀ. ಹಾಕಿದರೆ ಸಸಿಗೆ ದೊರೆಯುವ ಹ್ಯೂಮಿಕ್ ಆಮ್ಲ ಸುಮಾರು 50 ಮಿಲಿಗ್ರಾಂ. ಅದರೊಳಗಿನ ಸಾರಜನಕ ಕೇವಲ ಒಂದೆರಡು ಮಿಲಿಗ್ರಾಂ, ಅದೂ ಬಹುಮಟ್ಟಿಗೆ ಬಿಗಿದ ರೂಪದಲ್ಲಿ. ಮುಂದೆ ಹೇಳುವ ಗೊಬ್ಬರದ ನೀರನ್ನು ಅಷ್ಟೇ ಹಾಕಿದರೆ ದೊರೆಯುವ ಸಾರಜನಕ 56 ಮಿಲಿಗ್ರಾಂ. ಹೀಗಿರುವಾಗ ‘ಹ್ಯೂಮಿಕ್ ಹಾಕಿದ್ದೇನೆ, ಇನ್ನು ಗೊಬ್ಬರ ಬೇಡ’ ಎಂದುಕೊಂಡರೆ ಸಸಿ ಉಪವಾಸ ಬೀಳುತ್ತದೆ. ಹಸಿವು ಹೆಚ್ಚಿಸಿ ಊಟ ಬಡಿಸದಂತೆ ಇದು.

ಹ್ಯೂಮಿಕ್ ಆಮ್ಲ ಪೋಷಕಾಂಶಗಳನ್ನು ಸೋರಿಹೋಗದಂತೆ ಹಿಡಿದಿಡುತ್ತದೆಂದು ಪ್ರಚಾರ ಮಾಡುವುದುಂಟು. ಆ ಗುಣ ಅದಕ್ಕೆ ಇರುವುದು ನಿಜ. ಆದರೆ 50 ಮಿಲಿಗ್ರಾಂ ಎಷ್ಟನ್ನು ಹಿಡಿದೀತು? ಚೀಲದಲ್ಲಿ ಆ ಕೆಲಸವನ್ನು ಮಾಡುವುದು ನೀವು ಬೆರೆಸಿದ ನೂರಾರು ಗ್ರಾಂ ಕಳಿತ ಗೊಬ್ಬರ. ಆದ್ದರಿಂದ ಮೊದಲ ಖರ್ಚು ಮಣ್ಣಿನ ಮಿಶ್ರಣಕ್ಕೆ, ಅನಂತರದ್ದು ಬಾಟಲಿಗೆ.

ಮಿಶ್ರಣ ಮತ್ತು ಗೊಬ್ಬರ

ಅಡಿಕೆ ಸಸಿಗಳಿಗೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು 25 × 15 ಸೆಂ.ಮೀ. ಪಾಲಿಥೀನ್ ಚೀಲದಲ್ಲಿ 7 ಭಾಗ ಮೇಲ್ಮಣ್ಣು, 3 ಭಾಗ ಕೊಟ್ಟಿಗೆ ಗೊಬ್ಬರದ ಪುಡಿ, 2 ಭಾಗ ಮರಳಿನ ಮಿಶ್ರಣವನ್ನು ಶಿಫಾರಸು ಮಾಡಿದೆ. ಅಲಂಕಾರಿಕ ಪಾಮ್‌ಗಳಿಗೂ ಇದು ಒಳ್ಳೆಯ ಆರಂಭ. ಮಣ್ಣು ಜಿಗುಟಾಗಿದ್ದರೆ ಮರಳನ್ನು ಹೆಚ್ಚಿಸಿ. ತೆಂಗಿನ ನಾರಿನ ಪುಡಿ ಬಳಸುವುದಾದರೆ ಅದನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆದು ಉಪ್ಪಿನಂಶ ಕಳೆದ ಮೇಲೆಯೇ ಬಳಸಿ. ಸೂಪರ್ ಫಾಸ್ಫೇಟನ್ನು ಮಿಶ್ರಣಕ್ಕೆ ಧಾರಾಳವಾಗಿ ಸುರಿಯುವುದು ಬೇಡ. ಅದರಲ್ಲಿರುವ ಫ್ಲೋರೈಡ್ ಅಂಶದಿಂದ ಅರೆಕಾ ಪಾಮ್‌ನಂಥ ಸೂಕ್ಷ್ಮ ಜಾತಿಗಳ ಗರಿಯ ತುದಿ ಸುಡುತ್ತದೆ.

ಚೀಲದಲ್ಲಿ ಬೆಳೆಯುವ ಪಾಮ್‌ಗಳಿಗೆ ಸಾರಜನಕ, ರಂಜಕ, ಪೊಟ್ಯಾಷ್‌ಗಳು 3:1:2ರ ಪ್ರಮಾಣದಲ್ಲಿ ಇರುವುದು ಉತ್ತಮ. ನಿಮ್ಮ ಊರಿನ ಅಂಗಡಿಯಲ್ಲಿ ದೊರೆಯುವ ಗೊಬ್ಬರಗಳಿಂದಲೇ ಇದನ್ನು ತಯಾರಿಸಬಹುದು. 10 ಲೀಟರು ನೀರಿಗೆ 19:19:19 ಗೊಬ್ಬರ 5 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 2 ಗ್ರಾಂ ಮತ್ತು ಯೂರಿಯಾ 3.5 ಗ್ರಾಂ ಕರಗಿಸಿ. ಎರಡನೆಯ ಎಲೆ ಬಿಚ್ಚಿದ ಮೇಲೆ ಪ್ರಾರಂಭಿಸಿ, ವಾರಕ್ಕೊಮ್ಮೆ ಚೀಲಕ್ಕೆ 200 ಮಿ.ಲೀ.ನಂತೆ ಹಾಕಿ. ಬೀಜದ ಆಹಾರ ಇರುವಾಗಲೇ ಗೊಬ್ಬರ ಸುರಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು. ತಿಂಗಳಿಗೊಮ್ಮೆ ಲೀಟರಿಗೆ 1 ಗ್ರಾಂ ಮೆಗ್ನೀಸಿಯಂ ಸಲ್ಫೇಟನ್ನು ಪ್ರತ್ಯೇಕವಾಗಿ ಕೊಡಿ.

ಎಷ್ಟು ಹ್ಯೂಮಿಕ್ ಹಾಕಬೇಕು?

ಪೋಷಕ ದ್ರಾವಣಗಳಲ್ಲಿ ಬೆಳೆಸಿದ ಗಿಡಗಳಲ್ಲಿ ಲೀಟರಿಗೆ 50ರಿಂದ 300 ಮಿಲಿಗ್ರಾಂ ಹ್ಯೂಮಿಕ್ ಆಮ್ಲವಿದ್ದಾಗ ಉತ್ತಮ ಬೆಳವಣಿಗೆ ಕಂಡುಬಂದಿದೆ. ಅದನ್ನು ಮೀರಿದಾಗ ಬೆಳವಣಿಗೆ ಕುಂಠಿತವಾಗಿದೆ. ಅತಿಯಾದರೆ ಅಮೃತವೂ ವಿಷ ಎಂಬುದು ಇಲ್ಲಿ ಅಕ್ಷರಶಃ ಸತ್ಯ. ಆದ್ದರಿಂದ ಬಾಟಲಿಯ ಮೇಲಿನ ಶೇಕಡಾ ಅಂಶವನ್ನು ಓದಿ ಲೆಕ್ಕ ಹಾಕುವುದನ್ನು ಕಲಿಯಿರಿ.

ಶೇ. 12ರ ದ್ರಾವಣದಲ್ಲಿ 1 ಮಿ.ಲೀ.ಗೆ 120 ಮಿಲಿಗ್ರಾಂ ಇರುತ್ತದೆ. ಲೀಟರು ನೀರಿಗೆ 1ರಿಂದ 2 ಮಿ.ಲೀ. ಸಾಕು.

ಶೇ. 6ರ ದ್ರಾವಣವಾದರೆ ಲೀಟರಿಗೆ 2ರಿಂದ 4 ಮಿ.ಲೀ.

ಶೇ. 95ರ ಪುಡಿಯಾದರೆ 10 ಲೀಟರು ನೀರಿಗೆ ಒಂದೂಕಾಲರಿಂದ ಎರಡೂವರೆ ಗ್ರಾಂ ಮಾತ್ರ. ಚಮಚದ ಅಳತೆ ಸಲ್ಲದು, ತಕ್ಕಡಿಯಲ್ಲಿ ತೂಗಿ.

ಚೀಲಕ್ಕೆ 200 ಮಿ.ಲೀ.ನಂತೆ ತಿಂಗಳಿಗೊಮ್ಮೆ ಬುಡಕ್ಕೆ ಹಾಕಿದರೆ ಸಾಕು. ಒಂದು ಸಾವಿರ ಸಸಿಗಳಿಗೆ ಬೇಕಾಗುವುದು 200 ಲೀಟರು ನೀರು, ಶೇ. 12ರ ದ್ರಾವಣವಾದರೆ 200ರಿಂದ 400 ಮಿ.ಲೀ. ಒಂದು ಲೀಟರಿನ ಬಾಟಲಿ ಎರಡೂವರೆಯಿಂದ ಐದು ತಿಂಗಳು ಬರಬೇಕು. ನಿಮ್ಮಲ್ಲಿ ಅದು ಹದಿನೈದು ದಿನಗಳಲ್ಲಿ ಮುಗಿಯುತ್ತಿದ್ದರೆ ಹಣವೂ ವ್ಯರ್ಥ, ಸಸಿಗೂ ಅಪಾಯ.

ನೀರಿನ ವಿಚಾರ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಅನೇಕ ಕೊಳವೆ ಬಾವಿಗಳ ನೀರು ಗಡಸು. ಅದರಲ್ಲಿನ ಸುಣ್ಣದ ಅಂಶ ಹ್ಯೂಮಿಕ್ ಆಮ್ಲದೊಡನೆ ಕೂಡಿ ಅದನ್ನು ಗಟ್ಟಿಗೊಳಿಸಿ ತಳಕ್ಕಿಳಿಸುತ್ತದೆ. ಬಳಸುವ ಮುನ್ನ ಒಂದು ಗಾಜಿನ ಬಾಟಲಿಯಲ್ಲಿ ನಿಮ್ಮ ನೀರಿಗೆ ಹೇಳಿದ ಪ್ರಮಾಣದಲ್ಲಿ ಹ್ಯೂಮಿಕ್ ಬೆರೆಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಕಪ್ಪು ಚೂರುಗಳು ಕೂತಿದ್ದರೆ ಆ ನೀರು ಸರಿಯಲ್ಲ. ಮಳೆನೀರು ಅಥವಾ ಕೃಷಿ ಹೊಂಡದ ನೀರು ಬಳಸಿ. ಇದೇ ಕಾರಣದಿಂದ ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್ ಅಥವಾ ಯಾವುದೇ ಆಮ್ಲದೊಡನೆ ಹ್ಯೂಮಿಕನ್ನು ಒಂದೇ ಡ್ರಮ್ಮಿನಲ್ಲಿ ಬೆರೆಸಬಾರದು. ಮೂರು ನಾಲ್ಕು ದಿನಗಳ ಅಂತರವಿರಲಿ.

ಗಡಸು ನೀರನ್ನೇ ತಿಂಗಳುಗಟ್ಟಲೆ ಹಾಕಿದರೆ ಚೀಲದ ಮಣ್ಣಿನ ರಸಸಾರ ಏರುತ್ತದೆ. ಚೀಲದ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವುದು ಇದರ ಸೂಚನೆ. ಆಗ ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಇದ್ದರೂ ಸಸಿಗೆ ದಕ್ಕುವುದಿಲ್ಲ. ಹ್ಯೂಮಿಕ್ ಆಮ್ಲ ಸ್ವಲ್ಪ ಮಟ್ಟಿಗೆ ನೆರವಾದೀತೇ ಹೊರತು ನೀರಿನ ದೋಷವನ್ನು ನೀಗಲಾರದು.

ಕೊರತೆಯನ್ನು ಗುರುತಿಸಿ

ಹಳದಿಯಾದ ಸಸಿಗೆಲ್ಲ ಒಂದೇ ಮದ್ದಲ್ಲ. ಯಾವ ಎಲೆ, ಹೇಗೆ ಹಳದಿಯಾಗಿದೆ ಎಂದು ಮೊದಲು ನೋಡಿ.

ಇಡೀ ಸಸಿ ತಿಳಿಹಸಿರಾಗಿ ಬೆಳವಣಿಗೆ ನಿಂತಿದ್ದರೆ ಸಾರಜನಕದ ಕೊರತೆ. ಚೀಲದ ಸಸಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಹಳೆಯ ಗರಿಗಳಲ್ಲಿ ಹಳದಿ-ಕಿತ್ತಳೆ ಚುಕ್ಕೆಗಳು ಕಂಡು ತುದಿ ಒಣಗಿದ್ದರೆ ಪೊಟ್ಯಾಷ್ ಕೊರತೆ. ಇಂಥ ಗರಿಗಳನ್ನು ಅಂದಕ್ಕಾಗಿ ಕತ್ತರಿಸಬೇಡಿ. ಸುಳಿಗೆ ಬೇಕಾದ ಪೊಟ್ಯಾಷನ್ನು ಸಸಿ ಅವುಗಳಿಂದಲೇ ಪಡೆಯುತ್ತಿರುತ್ತದೆ. ಕತ್ತರಿಸಿದರೆ ಕೊರತೆ ಮೇಲಿನ ಗರಿಗಳಿಗೆ ಏರುತ್ತದೆ.

ಹಳೆಯ ಗರಿಗಳ ಅಂಚು ಹೊಳೆಯುವ ಹಳದಿಯಾಗಿ ನಡುಭಾಗ ಹಸಿರಾಗಿಯೇ ಉಳಿದಿದ್ದರೆ ಮೆಗ್ನೀಸಿಯಂ ಕೊರತೆ.

ಹೊಸ ಗರಿ ನರಗಳ ನಡುವೆ ಬಿಳಿಚಿಕೊಂಡಿದ್ದರೆ ಕಬ್ಬಿಣದ ಕೊರತೆ. ಪಾಮ್‌ಗಳಲ್ಲಿ ಇದಕ್ಕೆ ಕಾರಣ ಎಷ್ಟೋ ವೇಳೆ ಬೇರಿಗೆ ಗಾಳಿ ಇಲ್ಲದಿರುವುದು ಅಥವಾ ಸಸಿಯನ್ನು ತೀರ ಆಳಕ್ಕೆ ನೆಟ್ಟಿರುವುದು. ನೀರು ಬಸಿಯುವ ವ್ಯವಸ್ಥೆ ಸರಿಪಡಿಸದೆ ಏನು ಹಾಕಿದರೂ ವ್ಯರ್ಥ.

ಹೊಸ ಗರಿ ಮುರುಟಿಕೊಂಡು ಸುಟ್ಟಂತೆ ಹೊರಬಂದರೆ ಮ್ಯಾಂಗನೀಸ್ ಕೊರತೆ. ಇದನ್ನು ಉಪೇಕ್ಷಿಸಿದರೆ ಸುಳಿಯೇ ಸಾಯಬಹುದು; ಮ್ಯಾಂಗನೀಸ್ ಸಲ್ಫೇಟ್ ಕೊಡಬೇಕು, ಹ್ಯೂಮಿಕ್‌ನಿಂದ ಇದು ವಾಸಿಯಾಗದು.

ಕೊಳ್ಳುವಾಗ ಎಚ್ಚರಿಕೆ

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಹ್ಯೂಮಿಕ್ ಮತ್ತು ಫಲ್ವಿಕ್ ಆಮ್ಲಗಳನ್ನು ಜೈವಿಕ ಪ್ರಚೋದಕಗಳ ಪಟ್ಟಿಗೆ ಸೇರಿಸಿತು. ಹ್ಯೂಮಿಕ್ ಆಮ್ಲದ ಶೇಕಡಾ ಪ್ರಮಾಣ, ತಯಾರಕರ ವಿಳಾಸ, ತಯಾರಿಸಿದ ದಿನಾಂಕ ನಮೂದಿಸದ ಬಾಟಲಿಯನ್ನು ಕೊಳ್ಳಬೇಡಿ. ರಸೀದಿ ಕೇಳಿ ಪಡೆಯಿರಿ.

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಒಂದು ಲೋಟ ಮಳೆನೀರಿಗೆ ನಾಲ್ಕಾರು ಹನಿ ದ್ರಾವಣ ಬೆರೆಸಿ, ಒಂದು ಇಡೀ ನಿಂಬೆಹಣ್ಣಿನ ರಸ ಹಿಂಡಿ ಕೆಲವು ಗಂಟೆ ಬಿಡಿ. ನಿಜವಾದ ಹ್ಯೂಮಿಕ್ ಆಮ್ಲವಾದರೆ ಕಂದು ಚೂರುಗಳಾಗಿ ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತ ಬರುತ್ತದೆ. ಕಾಕಂಬಿಯಾಗಲಿ, ಕಾಗದ ಕಾರ್ಖಾನೆಯ ಉಪವಸ್ತುವಾದ ಲಿಗ್ನೋಸಲ್ಫೋನೇಟ್ ಆಗಲಿ ಬೆರೆತಿದ್ದರೆ ಆ ಬಣ್ಣ ನೀರಿನಲ್ಲಿಯೇ ಉಳಿಯುತ್ತದೆ. ಫಲ್ವಿಕ್ ಆಮ್ಲವೂ ಹಾಗೆಯೇ ಉಳಿಯುವುದರಿಂದ ಇದನ್ನು ಹ್ಯೂಮಿಕ್ ಎಂದು ಮಾರುವ ಪದಾರ್ಥಕ್ಕೆ ಮಾತ್ರ ಅನ್ವಯಿಸಿ. ಇದು ಒರಟು ಪರೀಕ್ಷೆ. ಸಂಶಯ ಬಂದರೆ ಪ್ರಯೋಗಾಲಯಕ್ಕೆ ಕಳುಹಿಸಿ.

ಹಳೆಯ ಬೆರಣಿಯನ್ನು ನೀರಿನಲ್ಲಿ ನೆನೆಸಿ ತೆಗೆದ ಕಪ್ಪು ನೀರನ್ನು ಹ್ಯೂಮಿಕ್ ಆಮ್ಲವೆಂದು ಬಳಸುವುದೂ ರೂಢಿಗೆ ಬಂದಿದೆ. ಅದು ಸಗಣಿಯ ಸಾರ, ಹಾಕಿದರೆ ತಪ್ಪಿಲ್ಲ. ಆದರೆ ಬರೀ ನೀರಿಗೆ ಹ್ಯೂಮಿಕ್ ಆಮ್ಲ ಹೆಚ್ಚಾಗಿ ಬಿಟ್ಟುಕೊಳ್ಳುವುದಿಲ್ಲ. ಅದಕ್ಕಿಂತ ಒಂದು ಕಿಲೋ ಕಳಿತ ಎರೆಗೊಬ್ಬರವನ್ನು 10 ಲೀಟರು ನೀರಿನಲ್ಲಿ ಒಂದು ದಿನ ನೆನೆಸಿ, ಆಗಾಗ ಕದಡಿ, ಸೋಸಿ ಅದೇ ದಿನ ಬಳಸುವುದು ಮೇಲು. ಕಾಸ್ಟಿಕ್ ಸೋಡಾ ಹಾಕಿ ಹ್ಯೂಮಿಕ್ ತೆಗೆಯುವ ಸಾಹಸ ಮಾತ್ರ ಬೇಡ. ಅದು ಕೈ, ಕಣ್ಣು ಸುಡುತ್ತದೆ. ಅದರ ಸೋಡಿಯಂ ಮಣ್ಣನ್ನು ಕೆಡಿಸುತ್ತದೆ.

ನಿಮ್ಮ ನರ್ಸರಿಯಲ್ಲಿಯೇ ಪ್ರಯೋಗ

ನಿಮ್ಮ ಮಣ್ಣು, ನಿಮ್ಮ ನೀರಿನಲ್ಲಿ ಹ್ಯೂಮಿಕ್ ಫಲ ಕೊಡುತ್ತದೆಯೇ ಎಂಬುದನ್ನು ನೀವೇ ಕಂಡುಕೊಳ್ಳಬಹುದು. ಒಂದೇ ವಯಸ್ಸಿನ, ಒಂದೇ ಗಾತ್ರದ 40 ಸಸಿಗಳನ್ನು ಆರಿಸಿ. ಚೀಟಿ ಎತ್ತಿ 20 ಸಸಿಗಳಿಗೆ ಕೆಂಪು ಬಣ್ಣದ, 20ಕ್ಕೆ ಬಿಳಿ ಬಣ್ಣದ ಗುರುತು ಹಾಕಿ. ನೆರಳು-ಬಿಸಿಲಿನ ವ್ಯತ್ಯಾಸ ತಟ್ಟದಂತೆ ಎರಡನ್ನೂ ಬೆರೆಸಿ ಜೋಡಿಸಿ. ಎಲ್ಲಕ್ಕೂ ಒಂದೇ ರೀತಿ ಗೊಬ್ಬರ ಕೊಡಿ. ತಿಂಗಳಿಗೊಮ್ಮೆ ಕೆಂಪು ಗುರುತಿನವಕ್ಕೆ ಹ್ಯೂಮಿಕ್ ಬೆರೆತ ನೀರು, ಬಿಳಿ ಗುರುತಿನವಕ್ಕೆ ಅಷ್ಟೇ ಬರಿಯ ನೀರು ಹಾಕಿ. ಎಲೆಗಳ ಸಂಖ್ಯೆ, ಎತ್ತರ, ಬುಡದ ಸುತ್ತಳತೆಯನ್ನು ತಿಂಗಳು ತಿಂಗಳೂ ಪುಸ್ತಕದಲ್ಲಿ ಬರೆದಿಡಿ. ಆರು ತಿಂಗಳ ನಂತರ ಎರಡರಿಂದಲೂ ಮೂರು ಮೂರು ಸಸಿಗಳ ಬೇರು ತೊಳೆದು ಹೋಲಿಸಿ. ಎಲೆಯ ಕಡುಹಸಿರು ಬಣ್ಣವೊಂದನ್ನೇ ನೋಡಿ ತೀರ್ಮಾನಿಸಬೇಡಿ. ಬೇರು ನೋಡಿ, ಎಲೆ ಎಣಿಸಿ.

ಕೆಂಪು ಗುರುತಿನ ಸಸಿಗಳು ಒಂದೆರಡು ತಿಂಗಳು ಮೊದಲೇ ಮಾರಾಟಕ್ಕೆ ಬಂದರೆ, ಆ ಅವಧಿಯಲ್ಲಿ ಉಳಿಯುವ ನೀರು, ಕೂಲಿ, ಗೊಬ್ಬರದ ಖರ್ಚನ್ನು ಬಾಟಲಿಯ ಬೆಲೆಯೊಡನೆ ತೂಗಿ ನೋಡಿ. ಲಾಭವಿದ್ದರೆ ಮುಂದುವರಿಸಿ. ವ್ಯತ್ಯಾಸವೇ ಕಾಣದಿದ್ದರೆ ನಿಮ್ಮ ಮಿಶ್ರಣದಲ್ಲಿರುವ ಕಳಿತ ಗೊಬ್ಬರವೇ ಸಸಿಗೆ ಸಾಕಾಗುತ್ತಿದೆಯೆಂದು ತಿಳಿದು, ಬಾಟಲಿಗೆ ಕೊಡುವ ಹಣವನ್ನು ಉಳಿಸಿಕೊಳ್ಳಿ. ನಲವತ್ತು ಚೀಲಗಳ ಈ ಪ್ರಯೋಗ ನಿಮ್ಮ ಸಾವಿರಾರು ಸಸಿಗಳ ಬಗ್ಗೆ ಕೊಡುವ ಉತ್ತರವನ್ನು ಯಾವ ಜಾಹೀರಾತೂ ಕೊಡಲಾರದು.